ಮೀನಿನ ಲೆಕ್ಕ ಬಲೆಯಿಂದಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

ಜೂನ್ 1 ಬಂತೆಂದರೆ ಕರಾವಳಿಯ ಮೂರೂ ಜಿಲ್ಲೆಗಳ ಬಲೆ ಎಳೆದು ಹಿಡಿಯುವ ಟ್ರಾಲ್ ಬೋಟು, ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ದಕ್ಕೆಗೆ ಬಂದು ನಿಲ್ಲುತ್ತವೆ. ಜುಲೈ 31ರವರೆಗಿನ ಆ 61 ದಿನ ಪತ್ರಿಕೆಗಳಲ್ಲಿ ಒಂದೇ ಚರ್ಚೆ: ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳು ಇಷ್ಟೇ ಸಾಕೇ, ಇನ್ನೂ ಹೆಚ್ಚಬೇಕೇ? ಆ ಚರ್ಚೆ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಉಳಿದ 304 ದಿನ ಬಲೆಗೆ ಬೀಳುವುದು ಏನು, ಅದರಲ್ಲಿ ಮರಿ ಎಷ್ಟು, ಅದನ್ನು ತೂಗಿ ಬರೆದಿಡುವವರು ಯಾರು ಎಂಬ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ. ಅದನ್ನೇ ಅಧಿಕಾರದಲ್ಲಿದ್ದುಕೊಂಡು ಪಟ್ಟು ಬಿಡದೆ ಕೇಳಿದ, ಉತ್ತರವನ್ನು ಕಾನೂನಾಗಿಸಿದ ಒಬ್ಬ ಮಹಿಳೆಯ ಕೆಲಸ ನಮ್ಮ ಓದುಗರಿಗೆ ತಿಳಿದಿರಬೇಕು. ಅದರಲ್ಲಿ ಗೆದ್ದದ್ದು, ಸೋತದ್ದು ಎರಡೂ ನಮಗೆ ಬೇಕಾದವೇ.

ಗ್ರೀಸಿನ ಮರಿಯಾ ಡಮನಾಕಿ 2010ರ ಫೆಬ್ರವರಿಯಿಂದ 2014ರ ಅಕ್ಟೋಬರ್ ಮುಗಿಯುವವರೆಗೆ ಐರೋಪ್ಯ ಒಕ್ಕೂಟದ ಸಾಗರ ವ್ಯವಹಾರ ಮತ್ತು ಮೀನುಗಾರಿಕೆ ಕಮಿಷನರ್ ಆಗಿದ್ದವರು. ಒಕ್ಕೂಟದ ಅಷ್ಟೂ ದೇಶಗಳ ಕಡಲ ಮೀನುಗಾರಿಕೆಗೆ ಕಾನೂನಿನ ಕರಡು ತಯಾರಾಗುವುದು ಈ ಕಮಿಷನರ್ ಕೈಕೆಳಗೆ. ಡಮನಾಕಿ ಕ್ರೀಟ್ ದ್ವೀಪದವರು, ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. 1973ರಲ್ಲಿ ಸೇನಾಡಳಿತದ ವಿರುದ್ಧ ಅಥೆನ್ಸಿನ ಪಾಲಿಟೆಕ್ನಿಕ್‌ನಲ್ಲಿ ವಿದ್ಯಾರ್ಥಿಗಳು ಎದ್ದು ನಿಂತಾಗ, ಅವರೇ ಕಟ್ಟಿಕೊಂಡ ರೇಡಿಯೊದಲ್ಲಿ ದೇಶಕ್ಕೆ ಕೇಳಿಸಿದ ದನಿ ಅವರದು. 1991ರಲ್ಲಿ ಅಲ್ಲಿನ ಎಡಪಂಥೀಯ ಪಕ್ಷವೊಂದರ ಅಧ್ಯಕ್ಷೆಯಾದರು. ಅಂದಹಾಗೆ ಮೀನುಗಾರಿಕೆಯ ಈ ಖಾತೆ ಹಿಡಿದ ಮೊದಲ ಮಹಿಳೆ ಅವರಲ್ಲ. 1990ರ ದಶಕದಲ್ಲಿ ಇಟಲಿಯ ಎಮ್ಮಾ ಬೊನಿನೊ ಇದೇ ಕುರ್ಚಿಯಲ್ಲಿದ್ದರು.

ಡಮನಾಕಿ ಬರುವ ಹೊತ್ತಿಗೆ ಯುರೋಪಿನ ಸಮುದ್ರದ ಸ್ಥಿತಿ ಕೆಟ್ಟಿತ್ತು. ಹಿಂದಿನ ವರ್ಷ, 2009ರಲ್ಲಿ ಒಕ್ಕೂಟದ ಆಡಳಿತ ನಡೆಸುವ ಕಮಿಷನ್ ತಾನೇ ಹೊರಡಿಸಿದ ಸಮಾಲೋಚನಾ ಪತ್ರದಲ್ಲಿ, ಒಕ್ಕೂಟದ ಮೀನು ಸಂತತಿಗಳಲ್ಲಿ ಶೇ 88ರಷ್ಟನ್ನು ಮಿತಿ ಮೀರಿ ಹಿಡಿಯಲಾಗುತ್ತಿದೆ ಎಂದು ಒಪ್ಪಿಕೊಂಡಿತ್ತು. ಮಿತಿ ಅಂದರೆ ಇಲ್ಲಿ ಗರಿಷ್ಠ ಸುಸ್ಥಿರ ಇಳುವರಿ: ಸಂತತಿ ಕುಗ್ಗದಂತೆ ವರ್ಷ ವರ್ಷವೂ ತೆಗೆಯಬಹುದಾದ ಅತಿ ಹೆಚ್ಚಿನ ಪ್ರಮಾಣ. ಅಲ್ಲಿ ವಿಜ್ಞಾನಿಗಳಿಗೆ ಕೊರತೆ ಇರಲಿಲ್ಲ. ಕೋಪನ್‌ಹೇಗನ್‌ನಲ್ಲಿರುವ ಅಂತರರಾಷ್ಟ್ರೀಯ ಸಾಗರ ಸಂಶೋಧನಾ ಮಂಡಳಿ 1902ರಿಂದ ಈ ಕೆಲಸದಲ್ಲಿದೆ. ಕಾಡ್, ಹೆರ್ರಿಂಗ್, ಹ್ಯಾಡಾಕ್ ಎಂದು ಒಂದೊಂದು ಮೀನಿಗೂ, ಒಂದೊಂದು ಕಡಲ ಭಾಗಕ್ಕೂ ಇಂತಿಷ್ಟು ಟನ್ ಎಂದು ಪ್ರತಿ ವರ್ಷ ಸಲಹೆ ಕೊಡುತ್ತದೆ. ಡಿಸೆಂಬರ್ ಬಂತೆಂದರೆ ಎಲ್ಲ ದೇಶಗಳ ಮೀನುಗಾರಿಕೆ ಮಂತ್ರಿಗಳು ಬ್ರಸೆಲ್ಸ್‌ನಲ್ಲಿ ರಾತ್ರಿಯಿಡೀ ಕೂತು ಚೌಕಾಸಿ ಮಾಡಿ, ಎಷ್ಟೋ ಸಲ ಆ ಸಲಹೆಗಿಂತ ಹೆಚ್ಚಿನ ಕೋಟಾ ಹಂಚಿಕೊಂಡು ಊರಿಗೆ ಮರಳುತ್ತಿದ್ದರು.

ಇನ್ನೊಂದು ಕೇಡು ಲೆಕ್ಕದ ಕ್ರಮದಲ್ಲೇ ಇತ್ತು. ಕೋಟಾ ಲೆಕ್ಕ ಹಾಕುತ್ತಿದ್ದದ್ದು ಬಂದರಿನಲ್ಲಿ ಇಳಿಸಿದ ಮೀನಿಗೆ, ಬಲೆಗೆ ಬಿದ್ದ ಮೀನಿಗಲ್ಲ. ಒಂದು ಟ್ರಾಲ್ ಬೋಟಿಗೆ ಹ್ಯಾಡಾಕ್ ಕೋಟಾ ಉಳಿದಿದೆ, ಕಾಡ್ ಕೋಟಾ ಮುಗಿದಿದೆ ಎಂದುಕೊಳ್ಳಿ. ಬಲೆ ಎಳೆದರೆ ಎರಡೂ ಬರುತ್ತವೆ. ಕಾಡ್ ಮೀನನ್ನು ದಡಕ್ಕೆ ತಂದರೆ ದಂಡ, ಸಮುದ್ರಕ್ಕೆ ಎಸೆದರೆ ಕಾನೂನಿನ ಪ್ರಕಾರ ಸರಿ. ಆಳದಿಂದ ಎಳೆದು ತಂದ ಆ ಕಾಡ್ ಆಗಲೇ ಸತ್ತಿರುತ್ತದೆ, ಇಲ್ಲವೇ ಈಜುಚೀಲ ಒಡೆದು ಸಾಯುವುದರಲ್ಲಿರುತ್ತದೆ. ಕೋಟಾ ಇನ್ನೂ ಇದ್ದವರದು ಬೇರೆಯೇ ತಂತ್ರ. ಬೆಳಿಗ್ಗೆ ಸಿಕ್ಕಿದ ಸಣ್ಣ ಮೀನನ್ನು ಐಸಿನಲ್ಲಿಟ್ಟು, ಸಂಜೆ ದೊಡ್ಡದು ಸಿಕ್ಕಿದರೆ ಸಣ್ಣದನ್ನು ಎಸೆದು ಜಾಗ ಮಾಡಿಕೊಳ್ಳುವುದು, ಏಕೆಂದರೆ ಕೋಟಾದ ಒಂದೊಂದು ಕಿಲೋಗೂ ಒಳ್ಳೆಯ ದರ ಬರಬೇಕು. ಹೀಗೆ ಒಕ್ಕೂಟದ ದೋಣಿಗಳು ಹಿಡಿದದ್ದರಲ್ಲಿ ಸುಮಾರು ಶೇ 23 ಮತ್ತೆ ಸಮುದ್ರಕ್ಕೇ ಹೋಗುತ್ತಿದೆ ಎಂದು ಕಮಿಷನ್ ಅಂದಾಜು ಮಾಡಿತ್ತು. ಎಸೆದದ್ದು ಯಾವ ಪುಸ್ತಕದಲ್ಲೂ ಇಲ್ಲದ ಮೇಲೆ ಸಮುದ್ರದಲ್ಲಿ ಎಷ್ಟು ಮೀನು ಸತ್ತಿತೆಂದು ವಿಜ್ಞಾನಿಗಳು ಊಹೆ ಮಾಡಬೇಕಾಗುತ್ತಿತ್ತು. ಊಹೆ ತಪ್ಪಿದರೆ ಮುಂದಿನ ವರ್ಷದ ಸಲಹೆಯೂ ತಪ್ಪುತ್ತಿತ್ತು.

ಡಮನಾಕಿ ಕೈ ಹಾಕಿದ್ದು ಇಲ್ಲಿಗೇ. 2011ರ ಜುಲೈ 13ರಂದು ಮುಂದಿಟ್ಟ ಸುಧಾರಣೆಯ ಕರಡಿನಲ್ಲಿ ಮೂರು ದೊಡ್ಡ ಸಂಗತಿಗಳಿದ್ದವು. ಎಲ್ಲ ಸಂತತಿಗಳನ್ನೂ 2015ರೊಳಗೆ ಸುಸ್ಥಿರ ಮಿತಿಗೆ ತರಬೇಕು. ಕೋಟಾ ಇರುವ ಯಾವ ಮೀನನ್ನೂ ಸಮುದ್ರಕ್ಕೆ ಎಸೆಯುವಂತಿಲ್ಲ, ಹಿಡಿದದ್ದೆಲ್ಲ ದಡಕ್ಕೆ ಬಂದು ಕೋಟಾದಲ್ಲಿ ಕಳೆಯಬೇಕು. 12 ಮೀಟರಿಗಿಂತ ದೊಡ್ಡ ದೋಣಿಗಳಿಗೂ, ಎಳೆಬಲೆ ಹಾಕುವ ಸಣ್ಣ ದೋಣಿಗಳಿಗೂ ಮಾರಾಟ ಮಾಡಬಹುದಾದ ಮೀನುಗಾರಿಕೆ ಹಕ್ಕನ್ನು ಕೊಡಬೇಕು. ಮೂರನೆಯದರಲ್ಲಿ ನಾವು ಅವರ ಪರ ಇಲ್ಲ. ಹಕ್ಕು ಮಾರಾಟದ ಸರಕಾದರೆ ಅದು ಕೊನೆಗೆ ಸೇರುವುದು ದುಡ್ಡಿದ್ದವರ ಕೈಗೆ. ಸಾಲದಲ್ಲಿರುವ ಸಣ್ಣ ಮೀನುಗಾರ ಒಂದು ಕೆಟ್ಟ ವರ್ಷದಲ್ಲಿ ಹಕ್ಕು ಮಾರಿದರೆ ಅವನ ಮಕ್ಕಳು ದೋಣಿ ಹತ್ತುವ ದಾರಿಯೇ ಮುಚ್ಚುತ್ತದೆ. ಸದಸ್ಯ ದೇಶಗಳೂ ಒಕ್ಕೂಟದ ಪಾರ್ಲಿಮೆಂಟೂ ಅದನ್ನು ಕಡ್ಡಾಯ ಮಾಡಲು ಒಪ್ಪಲಿಲ್ಲ. ಅದು ಬಿದ್ದುಹೋದದ್ದು ಒಳ್ಳೆಯದೇ ಆಯಿತು.

ಉಳಿದೆರಡಕ್ಕೆ ಅವರು ಪಟ್ಟು ಹಿಡಿದರು. ಫ್ರಾನ್ಸ್, ಸ್ಪೇನ್‌ನಂಥ ದೊಡ್ಡ ಮೀನುಗಾರಿಕಾ ದೇಶಗಳ ವಿರೋಧವಿತ್ತು. ಹಿಂದೆಲ್ಲ ಮಂತ್ರಿಗಳಷ್ಟೇ ಕೂತು ತೀರ್ಮಾನಿಸುತ್ತಿದ್ದ ಈ ವಿಷಯದಲ್ಲಿ ಲಿಸ್ಬನ್ ಒಪ್ಪಂದದ ನಂತರ ಪಾರ್ಲಿಮೆಂಟಿಗೂ ಸಮಾನ ಅಧಿಕಾರ ಬಂದಿದ್ದು ಅನುಕೂಲವಾಯಿತು. ಅಲ್ಲಿ ಮಸೂದೆಯನ್ನು ಮುನ್ನಡೆಸಿದವರೂ ಮಹಿಳೆಯೇ, ಜರ್ಮನಿಯ ಉಲ್ರಿಕೆ ರೋಡುಸ್ಟ್. 2013ರ ಫೆಬ್ರವರಿ 6ರಂದು ಪರವಾಗಿ 502, ವಿರೋಧವಾಗಿ 137 ಮತ ಬಿದ್ದವು. 2014ರ ಜನವರಿ 1ರಿಂದ ಕಾನೂನು ಜಾರಿಗೆ ಬಂತು. ಗುರಿಯ ವರ್ಷದಲ್ಲಿ ಮಾತ್ರ ರಾಜಿಯಾಯಿತು: ಸಾಧ್ಯವಿದ್ದಲ್ಲಿ 2015, ತಡವಾದರೆ 2020ರೊಳಗೆ.

ಎಸೆಯುವುದರ ಮೇಲಿನ ನಿಷೇಧವನ್ನು ಒಂದೇ ದಿನ ಹೇರಲಿಲ್ಲ ಎಂಬುದನ್ನು ಗಮನಿಸಬೇಕು. 2015ರಲ್ಲಿ ಹೆರ್ರಿಂಗ್, ಮ್ಯಾಕರೆಲ್‌ನಂಥ ಮೇಲ್ನೀರಿನ ಹಿಂಡುಮೀನುಗಳಿಗೆ ಮತ್ತು ಬಾಲ್ಟಿಕ್ ಸಮುದ್ರಕ್ಕೆ ಶುರು ಮಾಡಿದರು. ಹಿಂಡುಮೀನಿನ ಬಲೆಗೆ ಹೆಚ್ಚಾಗಿ ಒಂದೇ ಜಾತಿ ಬೀಳುವುದರಿಂದ ಅದು ಸುಲಭ. ತಳದ ಮೀನುಗಾರಿಕೆಯನ್ನು 2016ರಿಂದ ಹಂತ ಹಂತವಾಗಿ ಸೇರಿಸಿ 2019ಕ್ಕೆ ಪೂರ್ಣ ಮಾಡಿದರು. ನೀರಿಗೆ ಬಿಟ್ಟರೆ ಬದುಕುವ ಸಾಧ್ಯತೆ ಹೆಚ್ಚೆಂದು ಪರೀಕ್ಷೆಯಲ್ಲಿ ಸಾಬೀತಾದ ಜಾತಿಗಳಿಗೆ ವಿನಾಯಿತಿ ಕೊಟ್ಟರು. ಬಲೆ ಸುಧಾರಿಸುವುದು ನಿಜಕ್ಕೂ ಕಷ್ಟವಿರುವ ಕಡೆ ಗರಿಷ್ಠ ಶೇ 5ರ ಸಣ್ಣ ಸಡಿಲಿಕೆ ಇಟ್ಟರು. ನಮ್ಮ ದೃಷ್ಟಿಯಲ್ಲಿ ಕಾನೂನಿನ ಜೀವಾಳ ಇನ್ನೊಂದು ಸಾಲಿನಲ್ಲಿದೆ: ನಿಗದಿತ ಅಳತೆಗಿಂತ ಸಣ್ಣ ಮೀನನ್ನು ದಡಕ್ಕೆ ತರಲೇಬೇಕು, ಆದರೆ ಜನರು ತಿನ್ನುವುದಕ್ಕೆಂದು ಮಾರುವಂತಿಲ್ಲ. ಅಂದರೆ ಮರಿ ಹಿಡಿದವನ ಕೋಟಾ ಕರಗುತ್ತದೆ, ಐಸು ಖರ್ಚಾಗುತ್ತದೆ, ಜಾಗ ಹೋಗುತ್ತದೆ, ದುಡ್ಡು ಮಾತ್ರ ಹೆಚ್ಚು ಹುಟ್ಟುವುದಿಲ್ಲ. ಆಗ ಅವನು ತಾನಾಗಿಯೇ ಬಲೆಯ ಕಣ್ಣು ದೊಡ್ಡದು ಮಾಡುತ್ತಾನೆ, ಮರಿ ಹೆಚ್ಚಿರುವ ಜಾಗ ಬಿಟ್ಟು ಹೋಗುತ್ತಾನೆ ಎಂಬುದು ಲೆಕ್ಕಾಚಾರ.

ಆ ಲೆಕ್ಕಾಚಾರ ಪೂರ್ತಿ ಫಲಿಸಲಿಲ್ಲ. ಎರಡು ಕಾರಣ. ಹತ್ತು ಜಾತಿ ಒಟ್ಟಿಗೆ ಬೀಳುವ ಕಡೆ ಅತಿ ಕಡಿಮೆ ಕೋಟಾ ಇರುವ ಮೀನು ಮುಗಿದ ಕೂಡಲೇ ಉಳಿದ ಒಂಬತ್ತರ ಕೋಟಾ ಕೈಯಲ್ಲಿದ್ದರೂ ದೋಣಿ ಕಟ್ಟಿಹಾಕಬೇಕಾಗುತ್ತದೆ. ಮೀನುಗಾರರು ಅದನ್ನು ಉಸಿರುಕಟ್ಟಿಸುವ ಮೀನು ಎಂದೇ ಕರೆದರು. ಎರಡನೆಯದು, ನಡುಗಡಲಿನಲ್ಲಿ ಎಸೆದದ್ದನ್ನು ನೋಡುವವರು ಯಾರೂ ಇಲ್ಲ. ಬಂದರಿನ ಇನ್‌ಸ್ಪೆಕ್ಟರ್ ಕಣ್ಣಿಗೆ ಬೀಳುವುದು ದಡಕ್ಕೆ ಬಂದದ್ದು ಮಾತ್ರ. ಕಾನೂನು ಬಂದು ಸುಮಾರು ಹತ್ತು ವರ್ಷ ಕಳೆದ ಮೇಲೆ, 2023ರಲ್ಲಿ, 18 ಮೀಟರ್ ಮತ್ತು ಅದಕ್ಕಿಂತ ದೊಡ್ಡ, ನಿಯಮ ಮುರಿಯುವ ಸಾಧ್ಯತೆ ಹೆಚ್ಚಿರುವ ದೋಣಿಗಳಲ್ಲಿ ಕ್ಯಾಮೆರಾ ಕಡ್ಡಾಯ ಎಂಬ ತಿದ್ದುಪಡಿ ತಂದರು. ಕ್ಯಾಮೆರಾ ಮೊದಲೇ ಬಂದಿದ್ದರೆ ಕಾನೂನಿಗೆ ಹಲ್ಲು ಇರುತ್ತಿತ್ತು. ಬಾಲ್ಟಿಕ್‌ನ ಪೂರ್ವ ಭಾಗದ ಕಾಡ್ ಸಂತತಿಯಂತೂ ಚೇತರಿಸಿಕೊಳ್ಳಲಿಲ್ಲ. 2019ರ ಜುಲೈನಲ್ಲಿ ಅಲ್ಲಿ ಕಾಡ್ ಹಿಡಿಯುವುದನ್ನೇ ತುರ್ತಾಗಿ ನಿಲ್ಲಿಸಬೇಕಾಯಿತು. ಅಲ್ಲಿ ಮಿತಿಮೀರಿದ ಮೀನುಗಾರಿಕೆಯ ಜೊತೆ ತಳದ ನೀರಿನಲ್ಲಿ ಆಮ್ಲಜನಕ ಇಳಿದದ್ದು, ಪರಾವಲಂಬಿ ಹುಳುಗಳ ಕಾಟ ಎಲ್ಲ ಸೇರಿದ್ದವು. ಮೆಡಿಟರೇನಿಯನ್ ಕೂಡ ಹಿಂದೆಯೇ ಉಳಿಯಿತು.

ಗೆದ್ದ ಕಥೆಯೂ ಇದೆ. ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ನ ನೀಲಿರೆಕ್ಕೆ ಟ್ಯೂನಾ ಜಪಾನಿನ ಮಾರುಕಟ್ಟೆಗಾಗಿ ನಿರ್ನಾಮದ ಅಂಚಿಗೆ ಬಂದಿತ್ತು. ಡಮನಾಕಿ ಅಧಿಕಾರಕ್ಕೆ ಬಂದ ನಾಲ್ಕೇ ತಿಂಗಳಲ್ಲಿ, 2010ರ ಜೂನ್‌ನಲ್ಲಿ, ಕೋಟಾ ಮುಗಿಯುತ್ತಿದೆಯೆಂದು ಒಕ್ಕೂಟದ ಪರ್ಸೀನ್ ದೋಣಿಗಳ ಟ್ಯೂನಾ ಹಂಗಾಮನ್ನು ಅವಧಿಗೆ ಮೊದಲೇ ಮುಚ್ಚಿಸಲಾಯಿತು. ಆ ವರ್ಷದ ಕೊನೆಗೆ ಪ್ಯಾರಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಭೆಗೆ ಮೊದಲು, 13,500 ಟನ್ ಇದ್ದ ಕೋಟಾವನ್ನು 6,000 ಟನ್ನಿಗೆ ಇಳಿಸಬೇಕೆಂದು ಅವರು ಹೇಳಿದರು. ಅವರದೇ ಒಕ್ಕೂಟದ ದೇಶಗಳು ಒಪ್ಪಲಿಲ್ಲ, ಕೋಟಾ 12,900ಕ್ಕೆ ನಿಂತಿತು. ಆದರೂ ಚಿಕ್ಕ ಹಂಗಾಮು, 30 ಕಿಲೋಗಿಂತ ಸಣ್ಣದನ್ನು ಹಿಡಿಯಬಾರದೆಂಬ ನಿಯಮ, ಪರ್ಸೀನ್ ದೋಣಿಗಳ ಮೇಲೆ ವೀಕ್ಷಕರು, ಒಂದೊಂದು ಮೀನಿನ ಹಿಂದೆಯೂ ಕಾಗದಪತ್ರ, ಇವೆಲ್ಲ ಗಟ್ಟಿಯಾಗಿ ಮುಂದುವರಿದವು. ಹತ್ತು ವರ್ಷದ ನಂತರ, 2020ಕ್ಕೆ, ಅದೇ ಮೀನಿನ ಕೋಟಾ 36,000 ಟನ್. 2021ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಅದನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆದು ಆತಂಕ ಕಡಿಮೆ ಇರುವ ಪಟ್ಟಿಗೆ ಸೇರಿಸಿತು. ಕಡಿಮೆ ಹಿಡಿದದ್ದರ ಲಾಭ ಕೊನೆಗೆ ಬಂದದ್ದು ಮೀನುಗಾರರ ಕೈಗೇ.

ನಮ್ಮ ಹಿಂದೂ ಮಹಾಸಾಗರಕ್ಕೂ ಅವರ ಕೈ ತಲುಪಿತ್ತು. ಯುರೋಪಿಗೆ ಬರುವ ಪ್ರತಿ ಕಡಲ ಮೀನಿನ ಜೊತೆ ಅದನ್ನು ಯಾವ ದೋಣಿ, ಎಲ್ಲಿ, ಯಾವಾಗ ಹಿಡಿಯಿತು ಎಂಬ ಪ್ರಮಾಣಪತ್ರ ಇರಬೇಕೆಂಬ ನಿಯಮ 2010ರ ಜನವರಿಯಲ್ಲಿ, ಅವರು ಬರುವ ಮೊದಲೇ, ಜಾರಿಯಾಗಿತ್ತು. ಅದಕ್ಕೆ ಬಲ ತಂದವರು ಡಮನಾಕಿ. 2012ರ ನವೆಂಬರ್‌ನಲ್ಲಿ ಶ್ರೀಲಂಕಾ ಸೇರಿ ಎಂಟು ದೇಶಗಳಿಗೆ ಹಳದಿ ಕಾರ್ಡ್, ಅಂದರೆ ಎಚ್ಚರಿಕೆ. ಎರಡು ವರ್ಷ ಕಾದರೂ ಸರಿಹೋಗದಿದ್ದಾಗ 2014ರ ಅಕ್ಟೋಬರ್‌ನಲ್ಲಿ, ತಮ್ಮ ಅವಧಿ ಮುಗಿಯಲು ಕೆಲವೇ ದಿನ ಇದ್ದಾಗ, ಶ್ರೀಲಂಕಾಕ್ಕೆ ಕೆಂಪು ಕಾರ್ಡ್. 2015ರ ಜನವರಿಯಿಂದ ಆ ದೇಶದ ದೋಣಿಗಳ ಮೀನು ಯುರೋಪಿಗೆ ಹೋಗುವುದು ನಿಂತಿತು. ಟ್ಯೂನಾ, ಕತ್ತಿಮೀನು ಮಾರಿ ಬದುಕುತ್ತಿದ್ದವರಿಗೆ ಅದು ದೊಡ್ಡ ಪೆಟ್ಟು. ಆಮೇಲೆ ಆಳಸಮುದ್ರದ ದೋಣಿಗಳಿಗೆ ಉಪಗ್ರಹದ ಮೂಲಕ ಜಾಡು ಹಿಡಿಯುವ ಸಾಧನ ಹಾಕಿಸಿ, ದಂಡದ ಕಾನೂನು ಬಿಗಿ ಮಾಡಿದ ನಂತರ 2016ರಲ್ಲಿ ನಿಷೇಧ ತೆರವಾಯಿತು.

ಮಂಗಳೂರು, ಮಲ್ಪೆಯಿಂದ ಯುರೋಪಿಗೆ ಹೋಗುವ ಬೊಂಡಾಸ್ (ಸ್ಕ್ವಿಡ್), ಕಟ್ಲ್‌ಫಿಶ್ ಪೆಟ್ಟಿಗೆಗಳ ಹಿಂದೆಯೂ ಅದೇ ಪ್ರಮಾಣಪತ್ರ ಇರಬೇಕು. ನಮ್ಮಲ್ಲಿ ಅದನ್ನು ದೃಢೀಕರಿಸುವುದು ಎಂಪೀಡಾ, ಅಂದರೆ ಸಾಗರೋತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರ. ದೋಣಿಯ ನೋಂದಣಿ ಸಂಖ್ಯೆ, ಹಿಡಿದ ಪ್ರದೇಶ, ದಿನಾಂಕ, ಜಾತಿ, ತೂಕ ಎಲ್ಲ ಅದರಲ್ಲಿ ಬರಬೇಕು. ಹೀಗೆ ರಫ್ತಿನ ಮೀನಿಗೆ ಲೆಕ್ಕ ಇದೆ. ನಾವು ಉಣ್ಣುವ ಬೂತಾಯಿ, ಬಂಗುಡೆಗೆ, ಮೀನಿನ ಹಿಟ್ಟು ಮಾಡುವ ಫಿಶ್‌ಮಿಲ್‌ಗೆ ಹೋಗುವ ಮರಿಗೆ ದೋಣಿವಾರು ಅಂಥ ಲೆಕ್ಕ ಏಕೆ ಬೇಡ ಎಂಬುದೇ ನಮ್ಮ ಪ್ರಶ್ನೆ.

ಡಮನಾಕಿಯವರ ಕಾನೂನನ್ನು ಹಾಗೆಯೇ ತಂದು ಇಲ್ಲಿ ಹಾಕಿದರೆ ಕೆಲಸ ಕೆಡುತ್ತದೆ. ನಮ್ಮಲ್ಲಿ ಜಾತಿವಾರು ಕೋಟಾ ಇಲ್ಲ, ಒಂದೇ ಎಳೆತದಲ್ಲಿ ಹತ್ತಾರು ಜಾತಿ ಬೀಳುವ ಬಲೆಗೆ ಅದು ಹೊಂದುವುದೂ ಇಲ್ಲ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ ಅಲ್ಲಿನವರು ಮರಿಯನ್ನು ಎಸೆಯುತ್ತಿದ್ದರು, ಇಲ್ಲಿನ ಟ್ರಾಲ್ ಬೋಟುಗಳು ಹಿಂದೆ ಎಸೆಯುತ್ತಿದ್ದದ್ದನ್ನೂ ಈಗ ದಡಕ್ಕೆ ತರುತ್ತವೆ. ಮೀನಿನ ಹಿಟ್ಟು, ಎಣ್ಣೆ ತೆಗೆಯುವ ಕಾರ್ಖಾನೆಗಳು ಅದನ್ನು ಕೊಳ್ಳುತ್ತವೆ. ಒಂದು ಕಿಲೋ ಹಿಟ್ಟಿಗೆ ನಾಲ್ಕರಿಂದ ಐದು ಕಿಲೋ ಹಸಿ ಮೀನು ಬೇಕು. ಯುರೋಪಿನಲ್ಲಿ ಮರಿಗೆ ಬೆಲೆ ಇಳಿಸಿ ಹಿಡಿಯುವುದನ್ನು ತಡೆಯಲು ಹೊರಟರೆ, ನಮ್ಮಲ್ಲಿ ಮರಿಗೂ ಖಾತರಿ ಗಿರಾಕಿ ಇದ್ದಾನೆ. ಹತ್ತು ದಿನ ಕಡಲಲ್ಲಿದ್ದು ಬಂದ ದೋಣಿಗೆ ಡೀಸೆಲ್ ಖರ್ಚಾದರೂ ಹುಟ್ಟಲಿ ಎಂಬ ಚಿಂತೆ ಇರುವಾಗ ಆ ದುಡ್ಡನ್ನು ಬೇಡವೆನ್ನಲು ಮಾಲೀಕರಿಗೆ ಆಗುವುದಿಲ್ಲ. ಬಲಿತು ಬುಟ್ಟಿಗೆ ಬರಬೇಕಿದ್ದ ಬಂಗುಡೆ ಮರಿಯಾಗಿದ್ದಾಗಲೇ ಹಿಟ್ಟಾದರೆ, ಮನೆ ಮನೆಗೆ ಮೀನು ಮಾರುವ ಹೆಂಗಸರ ದಿನದ ಸಂಪಾದನೆಯೂ ಅದರೊಂದಿಗೇ ಹೋಗುತ್ತದೆ.

ಆದ್ದರಿಂದ ಎರವಲು ತರಬೇಕಾದದ್ದು ಕೋಟಾವನ್ನಲ್ಲ, ಅಳೆಯುವ ಕ್ರಮವನ್ನು. ಕೇರಳ 2015ರಲ್ಲಿ 14 ಜಾತಿಗಳಿಗೆ, ಆಮೇಲೆ ಇನ್ನೂ ಹಲವಕ್ಕೆ ಕನಿಷ್ಠ ಅಳತೆ ನಿಗದಿ ಮಾಡಿತು: ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಆ ಅಂಕಿಗಳ ಹಿಂದೆ ಇರುವುದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಧ್ಯಯನ. ಅಳತೆ ನಿಗದಿಯಾದರೆ ಸಾಲದು, ದಕ್ಕೆಯಲ್ಲಿ ಮೀನು ಇಳಿಸುವ ಹೊತ್ತಿಗೆ ಪರೀಕ್ಷೆ ಆಗಬೇಕು. ಕಷ್ಟದ ಕೆಲಸವೇನಲ್ಲ. ಫಿಶ್‌ಮಿಲ್ ಲಾರಿಗೆ ಹೋಗುವ ರಾಶಿಯ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಬುಟ್ಟಿ ತೆಗೆಯಬೇಕು. ಮೇಲಿನದು ಮಾತ್ರ ತೆಗೆದರೆ ದೊಡ್ಡ ಮೀನು ಹರಡಿ ಮೋಸ ಮಾಡಬಹುದು. ಜಾತಿ ಬೇರ್ಪಡಿಸಿ ಒಂದು ಕಿಲೋಗೆ ಎಷ್ಟು ಮೀನು ಎಂದು ಎಣಿಸಬೇಕು. 10 ಸೆಂ.ಮೀ. ಬೂತಾಯಿ ಹೆಚ್ಚೆಂದರೆ ಹತ್ತು ಗ್ರಾಂ ಆಸುಪಾಸು ತೂಗುತ್ತದೆ. ಕಿಲೋಗೆ ನೂರು ದಾಟಿತೆಂದರೆ ಅಳತೆಪಟ್ಟಿ ತೆಗೆದು ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆಯಬೇಕು. ದೋಣಿಯ ಸಂಖ್ಯೆ, ತೂಕ, ಎಣಿಕೆ ಒಂದೇ ಹಾಳೆಯಲ್ಲಿ ಬರಲಿ, ಅದೇ ಹಾಳೆಯ ಪ್ರತಿ ಲಾರಿಯ ಜೊತೆ ಕಾರ್ಖಾನೆಯ ಗೇಟಿಗೂ ಹೋಗಲಿ. ಗೇಟಿನಲ್ಲಿ ತೂಗಿದ್ದಕ್ಕೂ ದಕ್ಕೆಯಲ್ಲಿ ತೂಗಿದ್ದಕ್ಕೂ ತಾಳೆಯಾಗದಿದ್ದರೆ ಕಾರ್ಖಾನೆಯೇ ಉತ್ತರ ಕೊಡಬೇಕು. ದಂಡವನ್ನು ದೋಣಿಯವರ ಮೇಲಷ್ಟೇ ಹಾಕಿ ಕೊಂಡವರನ್ನು ಬಿಡುವುದು ಅನ್ಯಾಯ.

ಇನ್ನು ಬಲೆ. ಟ್ರಾಲ್ ಬಲೆಯಲ್ಲಿ ಮೀನು ಕೊನೆಗೆ ಸೇರುವುದು ಹಿಂದಿನ ಚೀಲಕ್ಕೆ. ನಾವು ಸಾಮಾನ್ಯವಾಗಿ ಹಾಕುವುದು ವಜ್ರದಾಕಾರದ ಕಣ್ಣು. ದೋಣಿ ಎಳೆದಂತೆ, ಚೀಲ ತುಂಬಿದಂತೆ ಆ ಕಣ್ಣು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತದೆ. ಕಾಗದದ ಮೇಲೆ ಕಣ್ಣು 35 ಮಿ.ಮೀ. ಇದ್ದರೂ ನೀರಿನಲ್ಲಿ ಮರಿ ಹೊರಬರುವಷ್ಟು ಸಂದು ಉಳಿಯುವುದಿಲ್ಲ. ಅದೇ ಬಲೆಯನ್ನು ತಿರುಗಿಸಿ ಚೌಕದ ಕಣ್ಣಾಗುವಂತೆ ಚೀಲ ಕಟ್ಟಿದರೆ ಎಳೆತದಲ್ಲೂ ಕಣ್ಣು ತೆರೆದೇ ಇರುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ವರ್ಷಗಳಿಂದ ಹೇಳುತ್ತಿರುವುದು ಇದನ್ನೇ. ಇಡೀ ಬಲೆ ಬದಲಿಸಬೇಕಿಲ್ಲ, ಚೀಲವೊಂದನ್ನು ಬದಲಿಸಿದರೆ ಸಾಕು. ಮೊದಲ ಕೆಲವು ಟ್ರಿಪ್‌ಗಳಲ್ಲಿ ಸಣ್ಣ ಮೀನು ಜಾರಿ ಆದಾಯ ಇಳಿಯುತ್ತದೆ, ಅದನ್ನು ಮುಚ್ಚಿಡಬಾರದು. ಆ ಅವಧಿಗೆ ಚೀಲದ ಖರ್ಚನ್ನು ಇಲಾಖೆ ಭರಿಸಿದರೆ ಒಪ್ಪುವವರು ಹೆಚ್ಚುತ್ತಾರೆ. ತಪಾಸಣೆ ಮಾಡುವವರು ಒಂದೆರಡು ಕಣ್ಣು ನೋಡಿ ಹೋಗಬಾರದು. ಒದ್ದೆ ಬಲೆಯ ಸಾಲಾಗಿ 20 ಕಣ್ಣು ಎಳೆದು ಅಳೆದು ಸರಾಸರಿ ತೆಗೆಯಬೇಕು. ಚೀಲದೊಳಗೆ ಕೈ ಹಾಕಿ, ಸಣ್ಣ ಕಣ್ಣಿನ ಇನ್ನೊಂದು ಒಳಚೀಲ ಹೊಲಿದಿದ್ದಾರೆಯೇ ಎಂದೂ ನೋಡಬೇಕು.

ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಮತ್ತು ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ದಡದಿಂದ 12 ನಾಟಿಕಲ್ ಮೈಲಿಯೊಳಗೆ ರಾಜ್ಯದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಿದೆ. ಕಾನೂನಿಗೆ ಬರವಿಲ್ಲ, ಆದರೆ ನಿಯಮ ಮುರಿದವರನ್ನು ನಡುಗಡಲಲ್ಲಿ ಹಿಡಿಯುವುದು ಯುರೋಪಿಗೇ ಆಗದ ಕೆಲಸ ಎಂಬುದನ್ನು ಮೇಲೆ ನೋಡಿದೆವು. ದಡದಲ್ಲಿ ಮಾಡಬಹುದಾದದ್ದನ್ನು ಮೊದಲು ಮಾಡೋಣ. ಜುಲೈ ತಿಂಗಳಲ್ಲಿ ಎಲ್ಲ ಬೋಟುಗಳೂ ದಕ್ಕೆಯಲ್ಲೇ ಇರುತ್ತವೆ, ಬಲೆಗಳು ಬಿಚ್ಚಿ ಹರಡಿ ದುರಸ್ತಿಯಾಗುತ್ತಿರುತ್ತವೆ. ಪ್ರತಿ ಚೀಲವನ್ನೂ ಅಳೆದು ದೋಣಿಯ ಸಂಖ್ಯೆ ಇರುವ ಸೀಲು ಹಾಕುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಮೀನುಗಾರಿಕಾ ಇಲಾಖೆ ಮೀನುಗಾರರ ಸಂಘಗಳ ಪ್ರತಿನಿಧಿಗಳನ್ನು ಜೊತೆಗಿಟ್ಟುಕೊಂಡು ಈ ಕೆಲಸ ಮುಗಿಸಲಿ, ಸೀಲು ಬಿದ್ದ ದೋಣಿಗಳ ಪಟ್ಟಿಯನ್ನು ಬಂದರು ಬಂದರಿನ ನೋಟಿಸ್ ಬೋರ್ಡಿನಲ್ಲಿ ಹಾಕಲಿ, ಆಗಸ್ಟ್ 1ರಂದು ಆ ಪಟ್ಟಿಯಲ್ಲಿರುವ ದೋಣಿಗಳು ಮೊದಲು ಕಡಲಿಗಿಳಿಯಲಿ.

ಇತಿ,
ಮೀನುಗಾರಿಕೆಯ ಒಡನಾಟದಲ್ಲಿರುವ ಓದುಗರು, ಮಲ್ಪೆ